1963ರ ಗ್ಯಾಲಕ್ಸಿ ಕಿಟ್, ಅರ್ಧ ಕಟ್ಟಿದ್ದು: ಮುಂದುವರಿಸಲೇ, ಮೊದಲಿನಂತೆ ಮಾಡಲೇ?

ಟ್ರಾಯ್‌ವಾಸಿ
ಎಲ್ಲರಿಗೂ ನಮಸ್ಕಾರ. ನಾನು ಮಿಷಿಗನ್ ರಾಜ್ಯದ ಟ್ರಾಯ್‌ನಲ್ಲಿ ಹನ್ನೊಂದು ವರ್ಷಗಳಿಂದ ಇದ್ದೇನೆ. ಕಳೆದ ಶನಿವಾರ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಸಾಮಾನುಗಳನ್ನೆಲ್ಲ ಮಾರಾಟಕ್ಕೆ ಇಟ್ಟಿದ್ದರು. ನೆಲಮಾಳಿಗೆಯ ಕಪಾಟಿನಲ್ಲಿ, ಬಣ್ಣದ ಡಬ್ಬಿಗಳ ಹಿಂದೆ ಒಂದು ರಟ್ಟಿನ ಪೆಟ್ಟಿಗೆ ಕಂಡಿತು. ಎಎಂಟಿ ಕಂಪನಿಯ 1963ರ ಫೋರ್ಡ್ ಗ್ಯಾಲಕ್ಸಿ, 1:25 ಅಳತೆಯ, ಬಿಡಿಭಾಗಗಳನ್ನು ಅಂಟಿಸಿ ಪುಟ್ಟ ಕಾರು ಕಟ್ಟುವ ಪ್ಲಾಸ್ಟಿಕ್ ಕಿಟ್. ಶೋರೂಮಿನಲ್ಲಿದ್ದಂತೆ, ತನ್ನಿಷ್ಟದಂತೆ ಬದಲಿಸಿ ಕಸ್ಟಮ್ ಮಾಡಿದಂತೆ, ರೇಸಿಗೆ ಇಳಿಸಿದಂತೆ, ಹೀಗೆ ಮೂರರಲ್ಲಿ ಯಾವ ರೀತಿಯಲ್ಲಾದರೂ ಕಟ್ಟಿಕೊಳ್ಳಬಹುದಾದ ‘ತ್ರೀ ಇನ್ ಒನ್’ ಕಿಟ್. ಹನ್ನೆರಡು ಡಾಲರ್ ಕೊಟ್ಟು ತಂದೆ.

ಮನೆಗೆ ಬಂದು ತೆರೆದು ನೋಡಿದರೆ ಯಾರೋ ಕೆಲಸ ಆರಂಭಿಸಿ ನಡುವೆ ನಿಲ್ಲಿಸಿದ್ದಾರೆ. ಬಾಗಿಲಿನ ಹಿಡಿಗಳನ್ನು ಕೆರೆದು ತೆಗೆದು, ಆ ಜಾಗಕ್ಕೆ ಪುಟ್ಟಿ ಹಚ್ಚಿದ್ದಾರೆ. ಹಿಂದಿನ ಚಕ್ರಗಳನ್ನು ಅರ್ಧ ಮುಚ್ಚುವ ಸ್ಕರ್ಟುಗಳನ್ನು ಅಂಟಿಸಿದ್ದಾರೆ. ಬಾನೆಟ್ಟಿಗೆ ಮಾತ್ರ ಕೆಂಪು ಬಣ್ಣ ಬಿದ್ದಿದೆ, ಬಾಡಿ ಬಿಳಿಯಾಗಿಯೇ ಉಳಿದಿದೆ. ಮಿಕ್ಕ ಬಿಡಿಭಾಗಗಳು ಬಹುತೇಕ ಅಚ್ಚಿನಿಂದ ಬಂದ ಪ್ಲಾಸ್ಟಿಕ್ ಚೌಕಟ್ಟಿನಲ್ಲೇ ಇವೆ.

ಎರಡು ಪ್ರಶ್ನೆಗಳು. ಇದನ್ನು ಬಿಚ್ಚಿ, ತೊಳೆದು, ಶೋರೂಮಿನ ರೂಪಕ್ಕೆ ತರಬೇಕೇ, ಅಥವಾ ಆತ ಬಿಟ್ಟಲ್ಲಿಂದ ಮುಂದುವರಿಸಬೇಕೇ? ಮತ್ತೆ, ಈ ಕಿಟ್‌ಗಳ ಇತಿಹಾಸ ಬಲ್ಲವರು ದಯವಿಟ್ಟು ಹೇಳಿ. ಎಎಂಟಿ ನಮ್ಮ ಈ ಊರಿನದೇ ಕಂಪನಿಯಾಗಿತ್ತಂತೆ. ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಹಳೆಪೆಟ್ಟಿಗೆ
ಹನ್ನೆರಡು ಡಾಲರಿಗೆ ಸಿಕ್ಕಿತೇ! ದಯವಿಟ್ಟು ಏನನ್ನೂ ಅಂಟಿಸಬೇಡಿ, ಬಣ್ಣ ಹಚ್ಚಬೇಡಿ. ಮೊದಲು ಎಲ್ಲ ಭಾಗಗಳ ಚಿತ್ರ ತೆಗೆದು ಇಲ್ಲಿ ಹಾಕಿ. ಇದು ‘ವಾರ್ಷಿಕ’ ಕಿಟ್. ಆ ವರ್ಷ ಮಾತ್ರ ಮಾರಲು ಮಾಡಿದ್ದು.

ಸಾಗರದ_ಹವ್ಯಾಸಿ
ಇತಿಹಾಸದ ವಿಷಯಕ್ಕೆ ನಾನು ಆರಂಭ ಹಾಕುತ್ತೇನೆ. ಎಎಂಟಿ ಎಂದರೆ ಅಲ್ಯೂಮಿನಮ್ ಮಾಡೆಲ್ ಟಾಯ್ಸ್. 1948ರಲ್ಲಿ ವೆಸ್ಟ್ ಗ್ಯಾಲೋಗ್ಲಿ ಎಂಬವರು ಆರಂಭಿಸಿದ್ದು. ಮೊದಲ ಮಾದರಿ ಅಲ್ಯೂಮಿನಿಯಮ್ಮಿನ ಫೋರ್ಡ್ ಕಾರು. ಬೇಗನೆ ಪ್ಲಾಸ್ಟಿಕ್ಕಿಗೆ ತಿರುಗಿದ್ದರಿಂದ ಪೂರ್ಣ ಹೆಸರಿಗೆ ಅರ್ಥವಿಲ್ಲದೆ ಮೂರು ಅಕ್ಷರಗಳು ಮಾತ್ರ ಉಳಿದವು.

ಆಗ ಅವರ ವ್ಯಾಪಾರ ಮಕ್ಕಳಿಗೆ ಕಿಟ್ ಮಾರುವುದಾಗಿರಲಿಲ್ಲ. ಕಾರು ಕಂಪನಿಗಳ ವಿತರಕರಿಗೆ ‘ಪ್ರೊಮೊ’ ಮಾಡಿಕೊಡುತ್ತಿದ್ದರು. ಅಂದರೆ ಆ ವರ್ಷದ ಹೊಸ ಕಾರಿನ ಪುಟ್ಟ ಪ್ರತಿಕೃತಿ, ಕಾರ್ಖಾನೆಯದೇ ಬಣ್ಣದಲ್ಲಿ. ಅಪ್ಪ ಹೊಸ ಕಾರು ನೋಡಲು ಶೋರೂಮಿಗೆ ಹೋದರೆ ಮಗನ ಕೈಗೆ ಅದನ್ನು ಕೊಟ್ಟು ಕಳಿಸುತ್ತಿದ್ದರು. ಹೊಸ ಮಾದರಿ ಬೀದಿಗೆ ಇಳಿಯುವ ಮೊದಲೇ ಅದರ ನಕ್ಷೆಗಳು ಗುಟ್ಟಾಗಿ ಎಎಂಟಿಯ ಕೈಸೇರುತ್ತಿದ್ದವು. ಡೆಟ್ರಾಯಿಟ್ ಪಕ್ಕದಲ್ಲೇ ಇದ್ದದ್ದರ ಲಾಭ ಇದು.

1958ರಲ್ಲಿ ಅದೇ ಪ್ರೊಮೊ ಬಾಡಿಯನ್ನು ಬಿಡಿಭಾಗಗಳೊಂದಿಗೆ ಪೆಟ್ಟಿಗೆಯಲ್ಲಿಟ್ಟು ಮಾರಿದರು. ಹೆಚ್ಚುವರಿಯಾಗಿ ಕಸ್ಟಮ್ ಭಾಗಗಳು, ರೇಸಿನ ಭಾಗಗಳು, ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರಗಳು. ಬೆಲೆ ಒಂದೂವರೆ ಡಾಲರಿನ ಆಸುಪಾಸು. ಪ್ಲಾಸ್ಟಿಕ್ ಕಾರು ಕಿಟ್ ಎಂಬುದು ಜಗತ್ತಿನಲ್ಲಿ ಹುಟ್ಟಿದ್ದೇ ಹೀಗೆ.

ಅಂಟು_ಮರಳುಕಾಗದ
ಕೊನೆಯ ವಾಕ್ಯ ತಪ್ಪು ಸರ್. ಪ್ಲಾಸ್ಟಿಕ್ ಕಾರು ಕಿಟ್ ಅದಕ್ಕೂ ಮೊದಲೇ ಇತ್ತು. ಕ್ಯಾಲಿಫೋರ್ನಿಯಾದ ರೆವೆಲ್ ಕಂಪನಿ 1950ರ ದಶಕದ ಆರಂಭದಲ್ಲೇ ‘ಹೈವೇ ಪಯನಿಯರ್ಸ್’ ಎಂಬ ಸರಣಿಯಲ್ಲಿ ಹಳೆಯ ಕಾಲದ ಕಾರುಗಳನ್ನು ಮಾರುತ್ತಿತ್ತು. ಅವನ್ನು ರೂಪಿಸಿದ್ದು ಗೌಲ್ಯಾಂಡ್ ಕುಟುಂಬ. ಎಎಂಟಿ ತಂದ ಹೊಸತೆಂದರೆ ‘ಆಯ್ಕೆ’. ಅಲ್ಲಿಯವರೆಗೆ ಪೆಟ್ಟಿಗೆಯ ಮೇಲೆ ಇದ್ದ ಚಿತ್ರದಂತೆ ಕಟ್ಟಬೇಕಿತ್ತು. 1958ರ ನಂತರ ಪೆಟ್ಟಿಗೆ ತೆರೆದ ಹುಡುಗ ಮೊದಲು ಯೋಚಿಸಬೇಕಾಯಿತು, ನನ್ನ ಕಾರು ಹೇಗಿರಬೇಕು ಎಂದು.

ಸಾಗರದ_ಹವ್ಯಾಸಿ
ಒಪ್ಪಿದೆ. ತಿದ್ದಿದ್ದಕ್ಕೆ ಧನ್ಯವಾದ. ‘ಕಸ್ಟಮ್ ಕಿಟ್ ಹುಟ್ಟಿದ್ದು’ ಎಂದು ಬರೆಯಬೇಕಿತ್ತು.

ಮೈಸೂರು_ಕಿರಿಯ
ನಾನು ಈ ವೇದಿಕೆಗೆ ಹೊಸಬ. ವಾರ್ಷಿಕ ಕಿಟ್ ಎಂದರೆ ಅಷ್ಟೊಂದು ವಿಶೇಷ ಏಕೆ? ಅಚ್ಚು ಇದ್ದರೆ ಮತ್ತೆ ಮತ್ತೆ ಮಾಡಬಹುದಲ್ಲ?

ಪೀಣ್ಯದ_ಅಚ್ಚುಗಾರ
ಇದು ನನ್ನ ಕಸುಬು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇಪ್ಪತ್ತಾರು ವರ್ಷ ಪೀಣ್ಯದಲ್ಲಿ ಇಂಜೆಕ್ಷನ್ ಅಚ್ಚುಗಳನ್ನು ಮಾಡಿದ್ದೇನೆ. ಹೆಚ್ಚಾಗಿ ಸ್ವಿಚ್ಚು, ಮಿಕ್ಸಿಯ ಹೊರಕವಚ ಇಂಥವು.

ಒಂದು ಬಕೆಟ್ಟನ್ನು ಯೋಚಿಸಿ. ಅಚ್ಚಿನ ಎರಡು ಭಾಗಗಳು ಒಂದರೊಳಗೊಂದು ಕೂರುತ್ತವೆ, ನಡುವಿನ ಸಂದಿಗೆ ಕರಗಿದ ಪ್ಲಾಸ್ಟಿಕ್ ಹೋಗುತ್ತದೆ, ಅಚ್ಚು ತೆರೆದರೆ ಬಕೆಟ್ ಸಲೀಸಾಗಿ ಹೊರಬರುತ್ತದೆ. ಕಾರಿನ ಬಾಡಿ ಹಾಗಲ್ಲ. ಬಾಗಿಲಿನ ಗೆರೆ, ಹಿಡಿ, ಪಕ್ಕದ ಅಲಂಕಾರದ ಪಟ್ಟಿ ಎಲ್ಲವೂ ಬದಿಯಲ್ಲಿವೆ. ಮುಂದೆ ಗ್ರಿಲ್, ಹಿಂದೆ ದೀಪದ ಗುಳಿ. ಅಚ್ಚು ಮೇಲೆ ಕೆಳಗೆ ಮಾತ್ರ ತೆರೆದರೆ ಈ ವಿವರಗಳು ಅಚ್ಚಿಗೆ ಸಿಕ್ಕಿಕೊಂಡು ಕಿತ್ತುಹೋಗುತ್ತವೆ. ಅದಕ್ಕೇ ಆ ಕಾಲದ ಕೆಲವು ಕಿಟ್‌ಗಳಲ್ಲಿ ಎಡಬದಿ, ಬಲಬದಿ, ಛಾವಣಿ ಬೇರೆ ಬೇರೆ ತುಂಡುಗಳಾಗಿ ಬರುತ್ತಿದ್ದವು. ಅವನ್ನು ನೇರವಾಗಿ ಜೋಡಿಸುವುದು ಹತ್ತು ವರ್ಷದ ಹುಡುಗನಿಗೆ ಸಾಧ್ಯವಾಗದ ಮಾತು. ಎಎಂಟಿಯವರ ಬಾಡಿ ಒಂದೇ ತುಂಡು. ಹಾಗೆ ಮಾಡಬೇಕಾದರೆ ಅಚ್ಚಿನ ನಾಲ್ಕೂ ಬದಿಗಳು ಪಕ್ಕಕ್ಕೆ ಸರಿಯಬೇಕು. ನಾವು ಅದನ್ನು ಸ್ಲೈಡರ್ ಎನ್ನುತ್ತೇವೆ. ಕಂಪ್ಯೂಟರಿನಲ್ಲಿ ಕೊರೆಯುವ ಇಂದಿನ ಯಂತ್ರಗಳಿದ್ದರೂ ನಾಲ್ಕು ಸ್ಲೈಡರಿನ ಅಚ್ಚು ಸುಲಭವಲ್ಲ. 1950ರ ದಶಕದಲ್ಲಿ, ದೊಡ್ಡ ಮರದ ಮಾದರಿಯನ್ನು ಇಟ್ಟುಕೊಂಡು ಪ್ಯಾಂಟೋಗ್ರಾಫಿನಿಂದ ಚಿಕ್ಕದಾಗಿಸಿ ಉಕ್ಕಿನಲ್ಲಿ ಕೊರೆದವರ ಕೈಗೆ ನನ್ನ ನಮಸ್ಕಾರ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅಷ್ಟು ದುಬಾರಿ ಅಚ್ಚನ್ನು ವರ್ಷ ಮುಗಿದ ಮೇಲೆ ಯಾರೂ ಸುಮ್ಮನೆ ಇಡುವುದಿಲ್ಲ. ಮರುವರ್ಷದ ಕಾರಿನಲ್ಲಿ ಗ್ರಿಲ್ ಮತ್ತು ಹಿಂದೀಪ ಮಾತ್ರ ಬದಲಾಗಿದ್ದರೆ ಅಚ್ಚಿನ ಆ ಭಾಗವನ್ನಷ್ಟೇ ಬೆಸುಗೆ ಹಾಕಿ, ಮತ್ತೆ ಕೊರೆದು ಹೊಸ ವರ್ಷದ ಕಾರನ್ನು ಮಾಡುತ್ತಾರೆ. ಆ ಕ್ಷಣಕ್ಕೆ ಹಳೆಯ ಕಾರಿನ ಅಚ್ಚು ಲೋಕದಲ್ಲೇ ಇಲ್ಲವಾಗುತ್ತದೆ. ಆಮೇಲೆ ಅದೇ ಅಚ್ಚಿನಲ್ಲಿ ಚಕ್ರದ ಕಮಾನನ್ನು ಅಗಲ ಮಾಡಿ ರೇಸ್ ಕಾರಾಗಿಸಿದರಂತೂ ಹಿಂದಿರುಗುವ ದಾರಿಯೇ ಇಲ್ಲ.

ಮೈಸೂರು_ಕಿರಿಯ
ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ ಸರ್.

ಹಳೆಪೆಟ್ಟಿಗೆ
ನಾನು ಹೇಳಬೇಕಾದದ್ದನ್ನು ಅಚ್ಚುಗಾರರು ಹೇಳಿದರು. ಅದಕ್ಕೇ ನನ್ನ ಮಾತು ಸ್ಪಷ್ಟ: ಬಿಚ್ಚಿ, ತೊಳೆದು, ಶೋರೂಮಿನ ರೂಪಕ್ಕೆ ತನ್ನಿ. ಕಸ್ಟಮ್ ಮಾಡುವ ಆಸೆಯಿದ್ದರೆ ಅಂಗಡಿಯಲ್ಲಿ ಇಂದಿಗೂ ಸಿಗುವ ಕಿಟ್ ಕೊಳ್ಳಿ. ಇಂಡಿಯಾನಾದ ರೌಂಡ್ 2 ಕಂಪನಿ ಎಎಂಟಿ, ಎಂಪಿಸಿ ಹೆಸರಿನಲ್ಲಿ ಹಳೆಯ ಕಿಟ್‌ಗಳನ್ನು ಹಳೆಯ ಪೆಟ್ಟಿಗೆಯ ಚಿತ್ರದೊಂದಿಗೇ ಮತ್ತೆ ತರುತ್ತಿದೆ. ಅವುಗಳ ಮೇಲೆ ಎಷ್ಟು ಬೇಕಾದರೂ ಗರಗಸ ಆಡಿಸಿ. ಅರವತ್ತು ವರ್ಷ ಉಳಿದುಬಂದ ಬಾಡಿಯ ಮೇಲೆ ಬೇಡ.

ಕೊಪ್ಪದ_ಸುಮಾ
ಹಳೆಪೆಟ್ಟಿಗೆಯವರೇ, ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಆ ಕಿಟ್ ಮಾಡಿದ್ದೇ ಕಸ್ಟಮ್ ಮಾಡಲಿ ಎಂದು. ಪೆಟ್ಟಿಗೆಯೊಳಗೆ ಆ ಸ್ಕರ್ಟುಗಳನ್ನು ಇಟ್ಟವರು ಎಎಂಟಿಯವರೇ. ಹುಡುಗ ಅದನ್ನು ಅಂಟಿಸಿದ್ದು ಕಿಟ್ಟಿನ ಇತಿಹಾಸಕ್ಕೆ ಹಾನಿ ಹೇಗಾಗುತ್ತದೆ? ಅದೇ ಇತಿಹಾಸ. ಶೋರೂಮಿನ ಗ್ಯಾಲಕ್ಸಿ ಹೇಗಿತ್ತು ಎಂದು ತಿಳಿಯಲು ನಿಜವಾದ ಕಾರುಗಳೇ ಇವೆ, ಪ್ರೊಮೊಗಳಿವೆ. 1963ರಲ್ಲಿ ಮಿಷಿಗನ್ನಿನ ಒಬ್ಬ ಹುಡುಗನಿಗೆ ತನ್ನ ಗ್ಯಾಲಕ್ಸಿ ಹೇಗಿರಬೇಕೆನಿಸಿತ್ತು ಎಂದು ತಿಳಿಯಲು ಈ ಒಂದೇ ಬಾಡಿ ಇದೆ.

ಹಳೆಪೆಟ್ಟಿಗೆ
ಭಾವನೆ ಸರಿ. ಆದರೆ ಅಂಥ ಅರ್ಧ ಕಟ್ಟಿದ, ಅಂಟು ಸುರಿದ ಕಾರುಗಳು ಅಮೆರಿಕದ ಅಟ್ಟಗಳಲ್ಲಿ ಸಾವಿರಾರಿವೆ. ಚೌಕಟ್ಟು ಬಿಡದ ಭಾಗಗಳಿರುವುದು ಅಪರೂಪ.

ಕೊಪ್ಪದ_ಸುಮಾ
ಸಾವಿರಾರಿವೆ ಎಂದು ಎಲ್ಲರೂ ತೊಳೆದುಹಾಕುತ್ತಾ ಹೋದರೆ ಎಷ್ಟು ದಿನ ಸಾವಿರಾರಿರುತ್ತವೆ?

ಅಂಟು_ಮರಳುಕಾಗದ
ಸುಮಾ ಅವರ ಪರವಾಗಿ ಒಂದು ಮಾತು. ಬಾಗಿಲಿನ ಹಿಡಿ ತೆಗೆಯುವುದು, ಲಾಂಛನಗಳನ್ನು ಕೆರೆದು ನುಣುಪು ಮಾಡುವುದು, ಛಾವಣಿಯನ್ನು ಕತ್ತರಿಸಿ ತಗ್ಗಿಸುವುದು, ದೀಪವನ್ನು ಒಳಕ್ಕೆ ಕೂರಿಸುವುದು, ಇವೆಲ್ಲ ಕ್ಯಾಲಿಫೋರ್ನಿಯಾದ ಗ್ಯಾರೇಜುಗಳಲ್ಲಿ ನಿಜವಾದ ಕಾರಿಗೆ ಮಾಡುತ್ತಿದ್ದ ಕೆಲಸಗಳು. ಎಎಂಟಿ ಅಂಥ ಕೆಲಸಗಾರರನ್ನೇ ಸಲಹೆಗಾರರನ್ನಾಗಿ ಇಟ್ಟುಕೊಂಡಿತ್ತು. ಜಾರ್ಜ್ ಬ್ಯಾರಿಸ್ ಅವರಲ್ಲಿ ಒಬ್ಬರು. ಅವರ ‘ಆಲಾ ಕಾರ್ಟ್’ ಎಂಬ ಟ್ರಕ್ 1958 ಮತ್ತು 1959ರಲ್ಲಿ ಸತತವಾಗಿ ಅಮೆರಿಕದ ಅತಿ ಸುಂದರ ರೋಡ್‌ಸ್ಟರ್ ಪ್ರಶಸ್ತಿ ಗೆದ್ದಿತು, ಎಎಂಟಿ ಅದರ ಕಿಟ್ಟನ್ನೂ ತಂದಿತು. ಕೈಯಲ್ಲಿ ಹಣವಿಲ್ಲದ, ಕಾರು ಓಡಿಸುವ ವಯಸ್ಸಾಗದ ಹುಡುಗ ಅದೇ ಕೆಲಸವನ್ನು ಅಡುಗೆಮನೆಯ ಮೇಜಿನ ಮೇಲೆ, ಬ್ಲೇಡು ಮತ್ತು ಪುಟ್ಟಿ ಹಿಡಿದು ಮಾಡಿದ. ಅದನ್ನು ಹಾನಿ ಎನ್ನಬೇಡಿ.

ದಾವಣಗೆರೆ_ಚಕ್ರ
ಕಸ್ಟಮ್ ಕಿಟ್‌ಗಳನ್ನೆಲ್ಲ ರೂಪಿಸಿದ್ದು ಬ್ಯಾರಿಸ್ ಅವರೇ ಅಲ್ಲವೇ? ಬ್ಯಾಟ್‌ಮೊಬೈಲ್ ಕೂಡ ಅವರದೇ.

ಅಂಟು_ಮರಳುಕಾಗದ
ಎಲ್ಲವೂ ಅಲ್ಲ. ಬ್ಯಾಟ್‌ಮೊಬೈಲ್ ಅವರ ಗ್ಯಾರೇಜಿನದು, ಆದರೆ ಅದರ ಕಿಟ್ ಮಾಡಿದ್ದು ಆರೋರಾ ಕಂಪನಿ, 1966ರಲ್ಲಿ. ಅದರ ಮೂಲ ಕಾರು ಲಿಂಕನ್ ಫ್ಯೂಚುರಾ. ಆ ಫ್ಯೂಚುರಾದ ಕಿಟ್ಟನ್ನು ರೆವೆಲ್ 1956ರಲ್ಲೇ ಮಾರಿತ್ತು. ಹೀಗೆ ಒಂದೇ ಕಾರು ಹತ್ತು ವರ್ಷದ ಅಂತರದಲ್ಲಿ ಎರಡು ವೇಷದಲ್ಲಿ ಮಕ್ಕಳ ಮೇಜಿಗೆ ಬಂದಿತು. ರೆವೆಲ್ ಕಂಪನಿಯ ಕಡೆ ಎಡ್ ರಾತ್ ಎಂಬ ಕಸ್ಟಮ್ ಕಾರು ಕಟ್ಟುವವರು ಇದ್ದರು. ಅವರ ‘ಬೀಟ್ನಿಕ್ ಬ್ಯಾಂಡಿಟ್’ಗೆ ಗಾಜಿನ ಗುಳ್ಳೆಯಂಥ ಛಾವಣಿ. ಅವರ ‘ರ್‍ಯಾಟ್ ಫಿಂಕ್’ ಎಂಬ ದಪ್ಪ ಹೊಟ್ಟೆಯ ಇಲಿ 1963ರಲ್ಲಿ ಕಿಟ್ಟಾಗಿ ಬಂದಿತು.

ನನಗೆ ಇವೆಲ್ಲಕ್ಕಿಂತ ಪ್ರಿಯವಾದದ್ದು ‘ಡಿಯೋರಾ’. ಡಾಜ್ ಎ100 ಎಂಬ ಸಾಮಾನ್ಯ ಪಿಕಪ್ಪನ್ನು ಡೆಟ್ರಾಯಿಟ್‌ನ ಅಲೆಕ್ಸಾಂಡರ್ ಸಹೋದರರು ಗುರುತು ಸಿಗದಂತೆ ಬದಲಿಸಿದರು. ಅದಕ್ಕೆ ಬಾಗಿಲು ಇರುವುದು ಪಕ್ಕದಲ್ಲಲ್ಲ, ಮುಂದುಗಡೆ. ಚಿತ್ರ ಬರೆದುಕೊಟ್ಟವರು ಹ್ಯಾರಿ ಬ್ರ್ಯಾಡ್ಲಿ. 1967ರಲ್ಲಿ ಡೆಟ್ರಾಯಿಟ್‌ನ ಕಸ್ಟಮ್ ಕಾರು ಪ್ರದರ್ಶನದ ರಿಡ್ಲರ್ ಪ್ರಶಸ್ತಿ ಬಂದಿತು, ಎಎಂಟಿ ಕಿಟ್ ತಂದಿತು. ಮರುವರ್ಷ ಮ್ಯಾಟೆಲ್ ಕಂಪನಿ ಹಾಟ್ ವೀಲ್ಸ್ ಎಂಬ ಪುಟ್ಟ ಲೋಹದ ಆಟಿಕೆ ಕಾರುಗಳನ್ನು ಆರಂಭಿಸಿದಾಗ ಮೊದಲ ಹದಿನಾರು ಕಾರುಗಳಲ್ಲಿ ಡಿಯೋರಾ ಇತ್ತು. ಆ ಕಾರುಗಳ ವಿನ್ಯಾಸಕ್ಕೆ ಮ್ಯಾಟೆಲ್ ಕರೆಸಿಕೊಂಡದ್ದು ಇದೇ ಬ್ರ್ಯಾಡ್ಲಿ ಅವರನ್ನು.

ಮೈಸೂರು_ಕಿರಿಯ
ಹಾಟ್ ವೀಲ್ಸ್ ಡಿಯೋರಾ ನನ್ನ ಬಳಿ ಇದೆ! ಅದರ ಹಿಂದೆ ನಿಜವಾದ ಕಾರು ಇದೆ ಎಂದು ಈಗ ತಿಳಿಯಿತು.

ಸಾಗರದ_ಹವ್ಯಾಸಿ
ನನ್ನ ಅಭಿಪ್ರಾಯದಲ್ಲಿ ಕಿಟ್‌ಗಳ ಸುವರ್ಣಕಾಲಕ್ಕೆ ಪೆಟ್ಟು ಬಿದ್ದದ್ದೂ ಹಾಟ್ ವೀಲ್ಸ್‌ನಿಂದಲೇ. ಪೊಟ್ಟಣ ಹರಿದರೆ ಸಾಕು, ಬಣ್ಣ ಹಚ್ಚಿದ ಕಸ್ಟಮ್ ಕಾರು ಓಡಲು ಸಿದ್ಧ. ಅಂಟು ಒಣಗುವವರೆಗೆ ಯಾರು ಕಾಯುತ್ತಾರೆ?

ಅಂಟು_ಮರಳುಕಾಗದ
ಅದೊಂದೇ ಕಾರಣ ಎಂದರೆ ಒಪ್ಪುವುದಿಲ್ಲ. 1960ರ ದಶಕದ ನಡುವಿನಲ್ಲೇ ವಿದ್ಯುತ್ ಹಳಿಯ ಮೇಲೆ ಓಡುವ ಸ್ಲಾಟ್ ಕಾರುಗಳ ಹುಚ್ಚು ಹಬ್ಬಿ ಹುಡುಗರ ಕಿಸೆಯ ಹಣ ಅತ್ತ ಹರಿದಿತ್ತು. ಮೇಲಾಗಿ ಕಿಟ್ ಉದ್ಯಮ 1968ರಲ್ಲಿ ಮುಗಿಯಲಿಲ್ಲ. ಮೊನೊಗ್ರಾಮ್ ಕಂಪನಿ ವಿನ್ಯಾಸಕ ಟಾಮ್ ಡೇನಿಯಲ್ ಅವರ ‘ರೆಡ್ ಬ್ಯಾರನ್’ ತಂದದ್ದು ಅದೇ ವರ್ಷ. ಜರ್ಮನ್ ಸೈನಿಕರ ಶಿರಸ್ತ್ರಾಣವನ್ನೇ ಛಾವಣಿ ಮಾಡಿಕೊಂಡ ಕಾರು ಅದು. ಕಿಟ್ ಎಷ್ಟು ಜನಪ್ರಿಯವಾಯಿತೆಂದರೆ ಅದನ್ನು ನೋಡಿ ನಿಜವಾದ ಕಾರು ಕಟ್ಟಿದರು.

ಪೀಣ್ಯದ_ಅಚ್ಚುಗಾರ
ಕಂಪನಿಗಳು ಕೈಬದಲಾದಾಗ ಅಚ್ಚುಗಳು ಊರೂರು ತಿರುಗಿದವು, ಅದೂ ಒಂದು ಕಾರಣ. ಎಎಂಟಿಯನ್ನು 1978ರಲ್ಲಿ ಕೊಂಡದ್ದು ಮ್ಯಾಚ್‌ಬಾಕ್ಸ್ ಆಟಿಕೆ ಕಾರುಗಳ ಲೆಸ್ನಿ ಕಂಪನಿ. 1982ರಲ್ಲಿ ಲೆಸ್ನಿಯೇ ದಿವಾಳಿಯಾಯಿತು. ಆಮೇಲೆ ಎಎಂಟಿ ಅಯೋವಾದ ಅರ್ಟಲ್ ಕಂಪನಿಯ ಕೈಸೇರಿತು. ಪ್ರತಿ ಸಾಗಣೆಯಲ್ಲೂ ಅಚ್ಚು ಕಳೆದುಹೋಗುವುದು, ತುಕ್ಕು ಹಿಡಿಯುವುದು ಇದ್ದದ್ದೇ. ನಮ್ಮ ದೇಶದಲ್ಲೂ ಇದಕ್ಕೆ ಹತ್ತಿರದ ಒಂದು ಕಥೆ ಇದೆ. ಇಂಗ್ಲೆಂಡಿನ ಡಿಂಕಿ ಆಟಿಕೆ ಕಾರುಗಳ ಹಳೆಯ ಅಚ್ಚುಗಳನ್ನು ತಂದು ಕಲ್ಕತ್ತೆಯಲ್ಲಿ ‘ನಿಕಿ’ ಎಂಬ ಹೆಸರಿನಲ್ಲಿ ಲೋಹದ ಕಾರುಗಳನ್ನು ಎರಕ ಹೊಯ್ಯುತ್ತಿದ್ದರು. ಇಂಗ್ಲೆಂಡಿನ ಸಂಗ್ರಾಹಕರು ಈಗ ಅವನ್ನು ಹುಡುಕಿ ಕೊಳ್ಳುತ್ತಾರೆ.

ಬಸವನಗುಡಿ_ರಾಯರು
ನಿಕಿ ಎಂದೊಡನೆ ನೆನಪಾಯಿತು. ನನ್ನ ಅಣ್ಣನ ಬಳಿ ಒಂದು ಇತ್ತು. ಬಣ್ಣ ದಪ್ಪ, ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಆದರೂ ದಸರೆಯ ಬೊಂಬೆ ಕೂರಿಸುವಾಗ ಅಮ್ಮ ಅದಕ್ಕೂ ಒಂದು ಮೆಟ್ಟಿಲಿನಲ್ಲಿ ಜಾಗ ಕೊಡುತ್ತಿದ್ದರು.

ಕಿಟ್ ನಾನು ಮೊದಲು ಕಂಡದ್ದು 1974ರಲ್ಲಿ. ಚಿಕ್ಕಪ್ಪ ಕ್ಲೀವ್‌ಲ್ಯಾಂಡ್‌ನಿಂದ ಬರುವಾಗ ಒಂದು ತಂದಿದ್ದರು, ಅಂಟು ಮಾತ್ರ ತಂದಿರಲಿಲ್ಲ. ಇಲ್ಲಿ ಸಿಕ್ಕ ಅಂಟುಗಳು ಯಾವುವೂ ಆ ಪ್ಲಾಸ್ಟಿಕ್ಕಿಗೆ ಹಿಡಿಯಲಿಲ್ಲ. ಎರಡು ವರ್ಷ ಆ ಭಾಗಗಳನ್ನು ಮೇಜಿನ ಮೇಲೆ ಹರಡಿ, ಕೈಯಿಂದ ಹಿಡಿದು ಜೋಡಿಸಿ ನೋಡಿ ಮತ್ತೆ ಪೆಟ್ಟಿಗೆಗೆ ಹಾಕುತ್ತಿದ್ದೆ. ಕೊನೆಗೆ ಚಿಕ್ಕಪ್ಪ ಪುನಃ ಬಂದಾಗ ಅಂಟಿನ ಟ್ಯೂಬ್ ತಂದರು. ಆ ಸಂಜೆ ಊಟಕ್ಕೂ ಏಳಲಿಲ್ಲ.

ಕೊಪ್ಪದ_ಸುಮಾ
ರಾಯರೇ, ನೀವು ಪ್ರಯತ್ನಿಸಿದ ಅಂಟು ಹಿಡಿಯದಿರಲು ಕಾರಣವಿದೆ. ಸಾಮಾನ್ಯ ಅಂಟು ಎರಡು ಮೈಗಳ ನಡುವೆ ಕೂರುತ್ತದೆ. ಕಿಟ್ಟಿನ ಅಂಟು ಪಾಲಿಸ್ಟೈರೀನ್ ಎಂಬ ಆ ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡನ್ನೂ ಒಂದಾಗಿಸುತ್ತದೆ. ಬೆಸುಗೆ ಇದ್ದಂತೆ. ಆ ಕಾಲದ ಟ್ಯೂಬುಗಳಲ್ಲಿ ಟೊಲುವಿನ್ ಎಂಬ ದ್ರಾವಕ ಇರುತ್ತಿತ್ತು. 1960ರ ದಶಕದಲ್ಲಿ ಅಮೆರಿಕದ ಮಕ್ಕಳು ಅದನ್ನು ಅಮಲಿಗಾಗಿ ಮೂಸತೊಡಗಿ ದೊಡ್ಡ ಗಾಬರಿಯೇ ಆಯಿತು. ಅಂಟು ಮಾಡುತ್ತಿದ್ದ ಟೆಸ್ಟರ್ಸ್ ಕಂಪನಿ 1969ರಲ್ಲಿ ಒಂದು ಉಪಾಯ ಮಾಡಿತು. ಅಂಟಿಗೆ ಸಾಸಿವೆಯ ಘಾಟಿನ ತೈಲವನ್ನು ಬೆರೆಸಿತು. ಮೂಸಿದರೆ ಮೂಗು, ಕಣ್ಣು ಉರಿಯಬೇಕು, ಹಾಗೆ. ಸಾಸಿವೆ ಅರೆಯುವಾಗ ಮೂಗಿಗೆ ಏರುತ್ತದಲ್ಲ, ಅದೇ ಘಾಟು.

ದಾವಣಗೆರೆ_ಚಕ್ರ
ನನಗೆ ಸ್ಟಾರ್ ಟ್ರೆಕ್ ನೌಕೆಯ ಕಿಟ್ ಮಾಡಿದ್ದೂ ಎಎಂಟಿ ಎಂದು ಓದಿದ ನೆನಪು. ನಿಜವೇ?

ಸಾಗರದ_ಹವ್ಯಾಸಿ
ನಿಜ. ಕಿಟ್ ಮಾರುವ ಹಕ್ಕಿಗೆ ಬದಲಾಗಿ ಎಎಂಟಿಯವರು ಆ ಧಾರಾವಾಹಿಗೆ ‘ಗೆಲಿಲಿಯೋ’ ಎಂಬ ಪುಟ್ಟ ನೌಕೆಯ ದೊಡ್ಡ ಪ್ರತಿಕೃತಿ ಕಟ್ಟಿಕೊಟ್ಟರು. ಕಟ್ಟಿದ್ದು ಫೀನಿಕ್ಸ್‌ನಲ್ಲಿದ್ದ ಅವರ ಕಸ್ಟಮ್ ಕಾರುಗಳ ಗ್ಯಾರೇಜಿನಲ್ಲಿ. ಅದರ ಮುಖ್ಯಸ್ಥರು ಜೀನ್ ವಿನ್‌ಫೀಲ್ಡ್. ಕಾರಿಗೆ ಹೊಸ ಮೈ ಕಟ್ಟಿದ ಕೈಗಳೇ ಆಕಾಶನೌಕೆಯನ್ನೂ ಕಟ್ಟಿದವು.

ಟ್ರಾಯ್‌ವಾಸಿ
ಎರಡು ದಿನ ಬರಲಾಗಲಿಲ್ಲ, ಇಷ್ಟು ಬರೆದಿದ್ದೀರಿ! ಎಲ್ಲವನ್ನೂ ಓದಿದೆ. ಇನ್ನೂ ನಿರ್ಧರಿಸಿಲ್ಲ. ಬಾನೆಟ್ಟಿನ ಬಣ್ಣ ಮಾತ್ರ ಒರಟಾಗಿದೆ, ಅದನ್ನಂತೂ ತೆಗೆಯಬೇಕು. ನನ್ನ ಬಳಿ ಅಸಿಟೋನ್ ಇದೆ. ಆಗುತ್ತದೆಯೇ?

ಪೀಣ್ಯದ_ಅಚ್ಚುಗಾರ
ಬೇಡ! ಬಾನೆಟ್ಟೇ ಕರಗಿ ಅಂಟಾಗುತ್ತದೆ.

ಹಳೆಪೆಟ್ಟಿಗೆ
ಅಸಿಟೋನನ್ನು ಆ ಕೋಣೆಗೇ ತರಬೇಡಿ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲನೆ ಉಜ್ಜಿ. ಹೋಗದಿದ್ದರೆ ಬ್ರೇಕ್ ಆಯಿಲ್, ಕೈಗವಸು ಹಾಕಿಕೊಂಡು. ಮೊದಲು ಚೌಕಟ್ಟಿನ ಒಂದು ತುಂಡಿನ ಮೇಲೆ ಪರೀಕ್ಷೆ ಮಾಡಿ. ಕ್ರೋಮ್ ಭಾಗಗಳನ್ನು ಬ್ಲೀಚಿನ ಹತ್ತಿರ ಇಡಬೇಡಿ. ಅದು ನಿರ್ವಾತದಲ್ಲಿ ಕೂರಿಸಿದ ಅಲ್ಯೂಮಿನಿಯಮ್ಮಿನ ತೆಳು ಪದರ, ನೋಡನೋಡುತ್ತಲೇ ಮಾಯವಾಗುತ್ತದೆ.

ಇನ್ನೊಂದು ಮಾತು. ಟೈರುಗಳು ಬಾಡಿಗಾಗಲಿ ಕಿಟಕಿಯ ಗಾಜಿಗಾಗಲಿ ತಗುಲಿವೆಯೇ ನೋಡಿ. ಈಗಲೇ ಬೇರೆ ಪೊಟ್ಟಣಕ್ಕೆ ಹಾಕಿ. ಆ ಟೈರಿನಲ್ಲಿರುವ ಮೆದುಗೊಳಿಸುವ ರಾಸಾಯನಿಕ ವರ್ಷಗಳು ಕಳೆದಂತೆ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ತೆರೆಯದ ಪೆಟ್ಟಿಗೆಗಳಲ್ಲೂ ಇದು ಆಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತರಿಸಿದ ಪೆಟ್ಟಿಗೆಯೊಂದನ್ನು ಒಂಬತ್ತು ವರ್ಷ ತೆರೆಯದೆ ಇಟ್ಟಿದ್ದೆ. ಕೊನೆಗೆ ತೆರೆದಾಗ ಮುಂಗಾಜಿನ ನಡುವೆ ಟೈರಿನ ಗುರುತು ಅಚ್ಚೊತ್ತಿತ್ತು.

ಕೊಪ್ಪದ_ಸುಮಾ
ಅಯ್ಯೋ. ಅದನ್ನು ಕೇಳಿ ನಿಜವಾಗಿಯೂ ಬೇಸರವಾಯಿತು.

ಟ್ರಾಯ್‌ವಾಸಿ
ಟೈರುಗಳನ್ನು ಬೇರೆ ಇಟ್ಟೆ, ಗಾಜು ಚೆನ್ನಾಗಿದೆ. ಹಳೆಪೆಟ್ಟಿಗೆಯವರಿಗೆ ತುಂಬಾ ಕೃತಜ್ಞ.

ಇವತ್ತು ಇನ್ನೊಂದು ಸಂಗತಿ. ಭಾಗಗಳನ್ನು ತೆಗೆದು ಚಿತ್ರ ತೆಗೆಯುವಾಗ ಪೆಟ್ಟಿಗೆಯ ತಳಕ್ಕೆ ಅಂಟಿಕೊಂಡಿದ್ದ ಸೂಚನಾ ಹಾಳೆ ಸಿಕ್ಕಿತು. ಅದರಲ್ಲಿ ಪೆನ್ಸಿಲಿನ ಗುರುತುಗಳಿವೆ. ಕಸ್ಟಮ್ ರೂಪದ ಭಾಗಗಳಲ್ಲಿ ಆತ ಬೇಕೆಂದದ್ದಕ್ಕೆಲ್ಲ ಸರಿ ಗುರುತು. ಸ್ಕರ್ಟಿಗೆ ಸರಿ. ಕಸ್ಟಮ್ ಗ್ರಿಲ್ಲಿಗೆ ಸರಿ. ಹಿಂದಿನ ಬಂಪರಿಗೆ ಸರಿ ಹಾಕಿ, ಅಳಿಸಿ, ರೇಸಿನ ರೂಪದಲ್ಲಿರುವಂತೆ ತೆಗೆದುಬಿಡಬೇಕೆಂದು ಬಾಣದ ಗುರುತು ಎಳೆದಿದ್ದಾನೆ. ಅಂಚಿನಲ್ಲಿ ಕಾರಿನ ಪಕ್ಕನೋಟದ ಚಿಕ್ಕ ಚಿತ್ರ, ಅದರೊಳಗೆ ‘ಕೆಂಪು’, ಛಾವಣಿಯ ಮೇಲೆ ‘ಬಿಳಿ’ ಎಂದು ಬರೆದಿದೆ.

ಕೊಪ್ಪದ_ಸುಮಾ
ಚಿತ್ರ ಹಾಕಿ, ದಯವಿಟ್ಟು.

ಹಳೆಪೆಟ್ಟಿಗೆ
ಸೂಚನಾ ಹಾಳೆ ಇರುವುದು ಗೊತ್ತಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ. ಹಾಳೆ ಇದೆ ಎಂದರೆ ಆತನ ಕಾರು ಪೂರ್ತಿಯಾಗಿ ಇದೆ. ಮುಂದುವರಿಸಿ. ಹಾಳೆಯನ್ನು ಮಾತ್ರ ಮಡಿಸದೆ, ಬಿಸಿಲು ಬೀಳದ ಕಡೆ ಇಡಿ.

ಪೀಣ್ಯದ_ಅಚ್ಚುಗಾರ
ಪುಟ್ಟಿ ಬಿರುಕು ಬಿಟ್ಟಿದೆಯೇ ನೋಡಿ. ಆ ಕಾಲದ ಪುಟ್ಟಿ ಒಣಗುತ್ತಾ ಕುಗ್ಗುತ್ತದೆ. ಬಿರುಕಿದ್ದರೆ ಅಷ್ಟನ್ನೇ ಕೆರೆದು, ಎರಡು ಭಾಗಗಳನ್ನು ಬೆರೆಸುವ ಎಪಾಕ್ಸಿ ಪುಟ್ಟಿಯನ್ನು ತೆಳುವಾಗಿ ಹಚ್ಚಿ. ಆರುನೂರು ನಂಬರಿನ ಮರಳುಕಾಗದ, ನೀರು ಮುಟ್ಟಿಸಿಕೊಂಡು.

ಟ್ರಾಯ್‌ವಾಸಿ
ಎಡಬಾಗಿಲಿನಲ್ಲಿ ಕೂದಲೆಳೆಯಷ್ಟು ಬಿರುಕಿದೆ, ಬಲಬದಿ ಸರಿಯಿದೆ. ಎಪಾಕ್ಸಿ ಪುಟ್ಟಿ ನಾಳೆ ತರುತ್ತೇನೆ. ಹಿಂದಿನ ಬಂಪರ್ ಇಲ್ಲದೆಯೇ ಕಟ್ಟುತ್ತೇನೆ, ಬಾಣದ ಗುರುತು ಹಾಗೆಯೇ ಹೇಳುತ್ತದೆ. ಈಗ ಒಂದು ಕೊನೆಯ ಪ್ರಶ್ನೆ: ಬಾನೆಟ್ಟಿನ ಹಳೆಯ ಬಣ್ಣ ತೆಗೆಯುವ ಮೊದಲು ಅದೇ ಕೆಂಪನ್ನು ಹೊಂದಿಸಿಕೊಳ್ಳಬೇಕು. ಅರವತ್ತು ವರ್ಷದಲ್ಲಿ ಅದು ಎಷ್ಟು ಕಪ್ಪಾಗಿರಬಹುದು? ಒಳಮೈಗೆ ಹರಿದು ಬಿದ್ದ ಹನಿಗಳು ಹೊರಮೈಗಿಂತ ತಿಳಿಯಾಗಿ ಕಾಣುತ್ತವೆ.

ಅಂಟು_ಮರಳುಕಾಗದ
ಒಳಮೈಯ ಹನಿಯನ್ನೇ ನಂಬಿ. ಅದಕ್ಕೆ ಬೆಳಕು ತಾಗಿಲ್ಲ. ಹಗಲಿನ ಬೆಳಕಿನಲ್ಲಿ, ಬಿಳಿ ಕಾಗದದ ಮೇಲಿಟ್ಟು ಹೋಲಿಸಿ.